ಕುದುರೆಯ ಕೆಳಗಿನ ಕಾಗದ

ಫೆಬ್ರುವರಿಯ ಒಂದು ಸಂಜೆ ಗಿಟಾರನ್ನು ಪೆಟ್ಟಿಗೆಯಿಂದ ತೆಗೆದು ಅದರ ಕತ್ತಿನ ಮೇಲೆ ಕೈ ಸವರಿದೆ. ಅಂಗೈ ಚುರ್ ಎಂದಿತು. ಫ್ರೆಟ್ಟುಗಳ ತುದಿಗಳು ಎರಡೂ ಅಂಚಿನಲ್ಲಿ ಗರಗಸದ ಹಲ್ಲಿನಂತೆ ಹೊರಗೆ ಇಣುಕಿದ್ದವು. ಗೋಡೆಯ ಮೇಲಿನ ತೇವಮಾಪಕ 34 ತೋರಿಸುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಬೆಂಗಳೂರಿನ ಗಾಳಿ ತುಟಿ ಒಡೆಯುವಷ್ಟು ಒಣಗುತ್ತದೆ; ತುಟಿಗೆ ಆಗುವುದೇ ಮರಕ್ಕೂ ಆಗುತ್ತದೆ. ಒಣಗಿದ ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸ್ವರಸ್ಥಾನಗಳು ಇದ್ದಲ್ಲೇ ಇರುತ್ತವೆ. ಕತ್ತು ಮಾತ್ರ ಕೂದಲೆಳೆಯಷ್ಟು ಸಣ್ಣಗಾಗಿ, ಕುಗ್ಗಲಾರದ ಲೋಹ ಕೈಗೆ ಚುಚ್ಚುತ್ತದೆ.

ಈ ಗಿಟಾರ್ ನನ್ನದಲ್ಲ, ಅಥವಾ ಹೋದ ಶ್ರಾವಣದವರೆಗೆ ನನ್ನದಾಗಿರಲಿಲ್ಲ. ಅಲ್ಲಿಯವರೆಗೂ ಅದು ಇದ್ದದ್ದು ಚೆನ್ನೈಯ ವೆಸ್ಟ್ ಮಾಂಬಲದ ಒಂದು ಮನೆಯಲ್ಲಿ, ಕಬ್ಬಿಣದ ಬೀರುವಿನ ಮೇಲೆ. ಅಲ್ಲಿನ ಗಾಳಿಯಲ್ಲಿ ಉಪ್ಪೂ ನೀರೂ ಸದಾ ತುಂಬಿರುತ್ತವೆ. ಇದು ಅದರ ಮೊದಲ ಒಣ ಬೇಸಿಗೆ. ಒಳಗಿದ್ದ ಮದರಾಸು ಈಗ ಆರುತ್ತಿದೆ ಅಂದುಕೊಂಡೆ.

ತುದಿಗಳನ್ನು ಸವರಲು ಹಳೆಯ ಅರವನ್ನೇ ಹುಡುಕಿ ತೆಗೆದೆ. 1993ರಲ್ಲಿ ಮದರಾಸಿನ ಬ್ರಾಡ್‌ವೇಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೊಂಡದ್ದು. ತಮಿಳಿನಲ್ಲಿ ಅರಂ, ನಮ್ಮಲ್ಲಿ ಅರ. ಆ ಊರಿನಲ್ಲಿ ನನಗೆ ಮೊದಲು ಕೈಗೆ ಬಂದ ಭಾಷೆ ಹತ್ಯಾರುಗಳದ್ದೇ. ಉಳಿಗೆ ಉಳಿ ಎಂದೇ ಅಂದಾಗ ಅಂಗಡಿಯವನು ನನ್ನನ್ನು ತನ್ನವನಂತೆ ನೋಡಿದ್ದ.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಗಿಂಡಿಯ ಕೈಗಾರಿಕಾ ವಸಾಹತಿನ ಸಣ್ಣ ಕಾರ್ಖಾನೆಯೊಂದಕ್ಕೆ ನಾನು ಸೇರಿದ್ದು 1992ರಲ್ಲಿ. ವಾಸ ಅಯೋಧ್ಯಾ ಮಂಟಪದಿಂದ ಸ್ವಲ್ಪ ದೂರದ ಒಂದು ಕೋಣೆ. ಮಾಂಬಲದಲ್ಲಿ ರೈಲು ಹತ್ತಿದರೆ ಸೈದಾಪೇಟೆ, ಆಮೇಲೆ ಗಿಂಡಿ. ಆಗಿನ್ನೂ ಅದು ಮೀಟರ್‌ಗೇಜ್. ತೀರ್ಥಹಳ್ಳಿ ಕಡೆಯ ಹುಡುಗ ನಾನು. ಮನೆಯಲ್ಲಿ ಭದ್ರಾವತಿ ಆಕಾಶವಾಣಿ ಬಿಟ್ಟರೆ ಬೇರೆ ಸಂಗೀತವಿರಲಿಲ್ಲ. ಚಿತ್ರಗೀತೆ ಬಂದಾಗ ಎಲ್ಲರ ಕಿವಿ ಹಾಡಿನ ಮೇಲೆ ಇದ್ದರೆ ನನ್ನದು ಸಾಲು ಮುಗಿದು ಇನ್ನೊಂದು ಸಾಲು ಶುರುವಾಗುವ ನಡುವೆ ಬರುವ ಗಿಟಾರಿನ ಮೇಲೆ. ಆ ಹಾಡುಗಳೆಲ್ಲ ಬೆಂಗಳೂರಿನಲ್ಲೇ ಹುಟ್ಟಿದ್ದು ಎಂದು ನಂಬಿದ್ದೆ. ಅವುಗಳಲ್ಲಿ ಬಹುಪಾಲು ನನ್ನ ಕೋಣೆಯಿಂದ ನಡೆದೇ ಹೋಗಬಹುದಾದ ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿ ಧ್ವನಿಮುದ್ರಣವಾದವು ಎಂದು ಗೊತ್ತಾದಾಗ, ಅಜ್ಜನ ಮನೆ ಪಕ್ಕದ ಬೀದಿಯಲ್ಲೇ ಇತ್ತು ಎಂದು ಯಾರೋ ಹೇಳಿದಂತಾಯಿತು.

ಮೊದಲ ಸಂಬಳ ಉಳಿಸಿ ಒಂದು ಅಗ್ಗದ ಗಿಟಾರ್ ಕೊಂಡೆ. ಹೊಳೆಯುವ ಕೆಂಪು ಬಣ್ಣ, ಪ್ಲೈವುಡ್ ಮೈ. ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿ ಮರದಿಂದ ಬೆರಳು ತೂರಿಸುವಷ್ಟು ಮೇಲಿತ್ತು. ಒಂದು ತಿಂಗಳು ಬೆರಳ ತುದಿ ಒಡೆದು ರಕ್ತ ಬಂತು. ಕಲಿಸುವವರು, 'ಎಲ್ಲರಿಗೂ ಹೀಗೇ, ಹಟ ಇದ್ದರೆ ಬರುತ್ತೆ' ಎಂದರು. ಕಲಿಯಲು ನನ್ನ ಜೊತೆ ಸೇರಿದ್ದ ಐವರಲ್ಲಿ ಮೂವರು ಬಿಟ್ಟರು. ಅದರಲ್ಲಿ ಒಬ್ಬಳು ನನಗಿಂತ ಒಳ್ಳೆಯ ಕಿವಿಯವಳು. ತನಗೆ ಸಂಗೀತ ಒಲಿಯಲಿಲ್ಲ ಎಂದೇ ನಂಬಿಕೊಂಡು ಹೋದಳು. ಅವಳಿಗೆ ಒಲಿಯದಿದ್ದದ್ದು ಸಂಗೀತ ಅಲ್ಲ, ಗಿಟಾರಿನ ತಲೆಯ ಬಳಿ ತಂತಿ ಕೂರುವ ಪಟ್ಟಿಯಲ್ಲಿ ಯಾರೂ ಕೊರೆಯದೆ ಬಿಟ್ಟಿದ್ದ ಅರ್ಧ ಮಿಲಿಮೀಟರ್. ಈ ಮಾತನ್ನು ನಾನು ಮೂವತ್ತು ವರ್ಷಗಳಿಂದ ಸಿಟ್ಟಿನಲ್ಲೇ ಹೇಳುತ್ತ ಬಂದಿದ್ದೇನೆ. ವಾದ್ಯ ಮಾರುವವರು ಅದನ್ನು ನುಡಿಸುವ ಹಾಗೆ ಮಾಡಿ ಕೊಡಬೇಕು. ಇಲ್ಲದಿದ್ದರೆ ಮಕ್ಕಳು ತಮ್ಮನ್ನೇ ದೂರಿಕೊಳ್ಳುತ್ತಾರೆ.

ಕಾರ್ಖಾನೆಯವನಾದ ನನಗೆ ಅದು ಅಳತೆಯ ಸಮಸ್ಯೆಯಾಗಿ ಕಂಡಿತು. ಪುದುಪೇಟೆಯ ಹಳೆಯ ಬಿಡಿಭಾಗಗಳ ಬೀದಿಯಲ್ಲಿ, ಮೆಕ್ಯಾನಿಕ್ಕುಗಳು ಟ್ಯಾಪೆಟ್ ಸಡಿಲ ನೋಡಲು ಬಳಸುವ ಫೀಲರ್ ಗೇಜ್ ಸಿಕ್ಕಿತು. ತಂತಿಗೂ ಫ್ರೆಟ್ಟಿಗೂ ನಡುವಿನ ಜಾಗ ಅಳೆಯಲು ಅದಕ್ಕಿಂತ ಒಳ್ಳೆಯದು ಇವತ್ತೂ ಇಲ್ಲ. ಗ್ಯಾಸ್ ವೆಲ್ಡಿಂಗಿನ ನಾಸಲ್ ಶುದ್ಧ ಮಾಡುವ ಗೀರುಗೀರಿನ ಸಣ್ಣ ಕಡ್ಡಿಗಳು ತಂತಿಯ ಕಚ್ಚು ಕೊರೆಯಲು ಒದಗಿದವು. ದಪ್ಪ ತಂತಿಗೆ ದಪ್ಪ ಕಡ್ಡಿ, ತೆಳು ತಂತಿಗೆ ತೆಳುವಿನದು. ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಕೆಳಗಿನ ಮೂಳೆಯ ಪಟ್ಟಿಯನ್ನು ಎರಡು ಮಿಲಿಮೀಟರ್ ಉಜ್ಜಬೇಕು, ಯಾಕೆಂದರೆ ಹನ್ನೆರಡನೆಯದು ತಂತಿಯ ಸರಿಯಾದ ಅರ್ಧ. ಈ ಲೆಕ್ಕ ತಲೆಗೆ ಹೊಳೆದ ರಾತ್ರಿ ನಾನು ಮಲಗಲಿಲ್ಲ. ಬೆಳಗಿನ ಹೊತ್ತಿಗೆ ಆ ಕೆಂಪು ಗಿಟಾರ್ ಬೆರಳಿಗೆ ಬೆಣ್ಣೆಯಾಗಿತ್ತು. ಒಂದು ನೋಟ್‌ಬುಕ್ ಇಟ್ಟು ಎಲ್ಲ ಅಳತೆ ಬರೆಯತೊಡಗಿದೆ.

ಮೂಳೆಯ ತುಂಡು ಹುಡುಕಿಕೊಂಡೇ ನಾನು ಮೈಲಾಪುರದ ವೀಣೆ ರಿಪೇರಿಯವರ ಬಳಿ ಹೋದದ್ದು. ಕಪಾಲೀಶ್ವರ ದೇವಸ್ಥಾನದಿಂದ ಆಚೆ ಒಂದು ಓಣಿಯಲ್ಲಿ, ಮನೆಯ ಮುಂದಿನ ಜಗಲಿಯೇ ಅವರ ಕಾರ್ಖಾನೆ. ತಂಜಾವೂರಿನ ಹಲಸಿನ ಮರದ ವೀಣೆಗಳು ಕೂಸುಗಳಂತೆ ಒರಗಿರುತ್ತಿದ್ದವು. ಗಿಟಾರನ್ನು ಅವರು ಮುಟ್ಟಿದವರಲ್ಲ. ಆದರೆ ತಂತಿ ಕೂರುವ ಜಾಗವನ್ನು ತೋರಿಸಿ 'ಇದಕ್ಕೆ ನೀವೇನನ್ನುತ್ತೀರಿ?' ಎಂದು ಕೇಳಿದರು. ಸ್ಯಾಡಲ್ ಎಂದೆ, ಅಂದರೆ ಜೀನು. ಅವರು ನಕ್ಕು, 'ನಮ್ಮದು ಕುದುರೆ, ನಿಮ್ಮದು ಅದರ ಮೇಲಿನ ಜೀನು. ತಂತಿ ಸವಾರಿ ಮಾಡುವುದು ಎರಡರಲ್ಲೂ ಒಂದೇ' ಎಂದರು. ನಾನೂ ಅಂದಿನಿಂದ ಅದನ್ನು ಕುದುರೆ ಎಂದೇ ಕರೆಯುತ್ತೇನೆ.

ಭಾನುವಾರಗಳು ಆ ಜಗಲಿಯ ಪಾಲಾದವು. ವೀಣೆಯ ಇಪ್ಪತ್ನಾಲ್ಕು ಮೆಟ್ಟಿಲುಗಳು ಮರಕ್ಕೆ ಬಡಿದವಲ್ಲ. ಜೇನುಮೇಣಕ್ಕೆ ಇದ್ದಿಲ ಪುಡಿ, ರಾಳ ಬೆರೆಸಿದ ಕಪ್ಪು ಮೇಳದ ಮೇಲೆ ಕೂತವು. ಸೆಕೆಗೆ ಮೇಣ ಮೆತ್ತಗಾಗುತ್ತದೆ, ವರ್ಷಗಳಲ್ಲಿ ಮೆಟ್ಟಿಲು ಜರುಗುತ್ತದೆ, ಆಗ ಮೇಳ ಹೊಸದಾಗಿ ಕಟ್ಟಬೇಕು. ಅವರು ಮೇಣ ಮೆತ್ತಿ, ಕಾಯಿಸಿದ ಕಬ್ಬಿಣದಿಂದ ಸವರಿ, ಹಿತ್ತಾಳೆಯ ಮೆಟ್ಟಿಲನ್ನು ಒತ್ತಿ, ತಂತಿ ಮೀಟಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೆಬ್ಬೆರಳಿನಿಂದ ಒಂದಿಷ್ಟು ತಳ್ಳುವುದು, ಮತ್ತೆ ಕೇಳುವುದು. ನಾನು ನನ್ನ ವಿದ್ಯೆ ತೋರಿಸಿದೆ: ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್, ಉಳಿದುದನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. 648 ಮಿಲಿಮೀಟರಿನ ತಂತಿಯಾದರೆ ಮೊದಲನೆಯದು 36.4ಕ್ಕೆ. ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿ 1581ರ ಪುಸ್ತಕದಲ್ಲೇ ಸುಮಾರಾಗಿ ಇದನ್ನು ಹೇಳಿದ್ದ, ಅವನ ಲೆಕ್ಕ 18ರದ್ದು. ಅವರು ಗೌರವದಿಂದ ಪೂರ್ತಿ ಕೇಳಿದರು. ಆಮೇಲೆ, 'ತಂಬಿ, ಇದು ಯಾರ ಕೈಗೆ?' ಎಂದರು.

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವರ ಜಗಲಿಯಲ್ಲಿ ಒಂದು ಕಟ್ಟುಪಾಡಿತ್ತು: ವೀಣೆ ತಂದವರು ಮೊದಲು ಕೂತು ಹತ್ತು ನಿಮಿಷ ನುಡಿಸಬೇಕು. ನುಡಿಸುವವರು ಬಾರದೆ ಆಳಿನ ಕೈಲಿ ಕಳಿಸಿದ ವೀಣೆ ಮೂಲೆಯಲ್ಲೇ ಇರುತ್ತಿತ್ತು. ಒಬ್ಬಾಕೆ ತಂತಿಯನ್ನು ಐದು ಸ್ವರದಷ್ಟು ಎಳೆದು ಗಮಕ ತೆಗೆಯುತ್ತಾರೆ, ಅವರಿಗೆ ತಂತಿ ಇಷ್ಟು ಎತ್ತರ ಬೇಕು. ಇನ್ನೊಬ್ಬರ ಮೀಟು ಮೃದು, ಅವರಿಗೆ ತಗ್ಗಿರಬೇಕು. ಇದನ್ನೆಲ್ಲ ಹಳೆಯ ಕಾಲದ ನಿಧಾನ ಎಂದು ನಾನು ಆಗ ಭಾವಿಸಿದ್ದೆ. ಅದೇ ಊರಿನಲ್ಲಿ ಮ್ಯಾಂಡೊಲಿನ್ ಯು. ಶ್ರೀನಿವಾಸ್ ತಮ್ಮ ಕೈಗೆ ತಕ್ಕಂತೆ ಐದೇ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಮಾಡಿಸಿಕೊಂಡು ಕರ್ನಾಟಕ ಸಂಗೀತ ನುಡಿಸುತ್ತಿದ್ದರು. ಡಿಸೆಂಬರ್ ಕಚೇರಿಗಳಲ್ಲಿ ಹಿಂದೆ ನಿಂತು ಅವರನ್ನು ಕೇಳಿಯೂ ಇದ್ದೆ. ಕಣ್ಣೆದುರು ಇದ್ದ ಪಾಠ ನನಗೆ ತಟ್ಟಲಿಲ್ಲ.

ಇನ್ನು ಮಾಸ್ಟರ್ ವಿಷಯ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಸಿನಿಮಾ ವಾದ್ಯವೃಂದಗಳಲ್ಲಿ ಇಪ್ಪತ್ತೈದು ವರ್ಷ ರಿದಂ ಗಿಟಾರ್ ನುಡಿಸಿದವರು. ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು, ನಾನೂ. ಕನ್ನಡದವನೆಂದು ತಿಳಿದ ದಿನ ಅವರ ಮುಖ ಅರಳಿತು. ಅವರಿಗೆ ಬರುತ್ತಿದ್ದ ಕನ್ನಡ ಒಂದೇ ವಾಕ್ಯ: 'ಇನ್ನೊಂದ್ಸಲ, ಮೊದಲಿಂದ.' ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ವಿಜಯಭಾಸ್ಕರ್ ಇವರ ಹೆಸರನ್ನೆಲ್ಲ ಮನೆಯವರ ಹೆಸರಿನಂತೆ ಹೇಳುತ್ತಿದ್ದರು. ಇಳಯರಾಜ ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿ, ಗಿಟಾರ್ ವಾದಕರಾಗಿ ದುಡಿದ ದಿನಗಳ ಮಾತು ಬಂದರೆ ಕಾಫಿ ಆರಿಹೋಗುತ್ತಿತ್ತು. 1976ರಲ್ಲಿ 'ಅನ್ನಕ್ಕಿಳಿ' ಬಂದ ಮೇಲೆ ಊರಿನಲ್ಲಿ ಗಿಟಾರ್ ಹಿಡಿದ ಹುಡುಗರ ನಡಿಗೆಯೇ ಬೇರೆಯಾಯಿತು ಎನ್ನುತ್ತಿದ್ದರು. ತಾವು ಯಾವ ಯಾವ ಕನ್ನಡ ಹಾಡಿಗೆ ನುಡಿಸಿದ್ದು ಎಂದು ಕೇಳಿದರೆ ಅವರಿಗೆ ಪದಗಳು ನೆನಪಿರುತ್ತಿರಲಿಲ್ಲ, ಗೊತ್ತಿದ್ದದ್ದು ಕಾರ್ಡುಗಳು ಮತ್ತು ಎಣಿಕೆ. ನಾನು ಹಾಡು ಗುನುಗಿದರೆ ಕೈ ತಾನೇ ಹೋಗುತ್ತಿತ್ತು. ಡಿಸ್ಕಿನ ಮೇಲೆ ಸಂಗೀತ ನಿರ್ದೇಶಕರ, ಗಾಯಕರ ಹೆಸರು. ಇಂಥವರ ಹೆಸರು ಎಲ್ಲೂ ಇಲ್ಲ.

ಅವರಿಗೆ ಕೆಲಸ ಕಡಿಮೆಯಾಗಿ ಆಗಲೇ ಕೆಲವು ವರ್ಷವಾಗಿತ್ತು. ಕೀಬೋರ್ಡು, ಕಂಪ್ಯೂಟರು ಬಂದು ದೊಡ್ಡ ವಾದ್ಯವೃಂದಗಳು ಚದುರುತ್ತಿದ್ದವು. ಕನ್ನಡ ಚಿತ್ರರಂಗ ಬೆಂಗಳೂರಿಗೆ ಹೋಗಿಯಾಗಿತ್ತು. ತಿಂಗಳಿಗೊಮ್ಮೆ ಕ್ಯಾಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಉಡುಪಿಯವರ ಹೋಟೆಲು, ನಿನಗೆ ಮನೆಯೂಟದ ಹಾಗೆ ಎನ್ನುವುದು ಅವರ ನೆಪ. ಮರಗಳ ಕೆಳಗೆ ಹಳೆಯ ವಾದ್ಯದವರು ಯಾರಾದರೂ ಸಿಗುತ್ತಾರೇನೋ ಎಂದು ಅವರ ಕಣ್ಣು ಹುಡುಕುತ್ತಿತ್ತು. 2008ರಲ್ಲಿ ಆ ಹೋಟೆಲು ಮುಚ್ಚಿತು, ಈಗ ಅಲ್ಲಿ ಉದ್ಯಾನ.

1994ರ ಮಳೆಗಾಲದಲ್ಲಿ ಮಾಸ್ಟರ್ ತಮ್ಮ ಗಿಟಾರನ್ನು ನನ್ನ ಕೈಗೆ ಕೊಟ್ಟರು. ಒಂದು ಬಿರಡೆ ಸಡಿಲಾಗಿತ್ತು. ಅಷ್ಟೇ ಕೆಲಸ, ಒಂದು ಸ್ಕ್ರೂ ಬಿಗಿಯುವುದು. ನಾನು ಎರಡು ದಿನ ಇಟ್ಟುಕೊಂಡೆ. ಅಳೆದು ನೋಡಿದರೆ ತಂತಿಗಳು ಎತ್ತರದಲ್ಲಿದ್ದವು, ನನ್ನ ನೋಟ್‌ಬುಕ್ಕಿನ ಯಾವ ಸಂಖ್ಯೆಗೂ ಹೊಂದುತ್ತಿರಲಿಲ್ಲ. ಪಾಪ, ಇಷ್ಟು ವರ್ಷ ಇಂಥ ಗಿಟಾರಿನಲ್ಲೇ ಕಷ್ಟಪಟ್ಟಿದ್ದಾರೆ ಎನಿಸಿತು. ಮೂಳೆಯ ಪಟ್ಟಿಯನ್ನು ಗಾಜಿನ ಮೇಲೆ ಸ್ಯಾಂಡ್ ಪೇಪರ್ ಇಟ್ಟು ಉಜ್ಜಿದೆ. ಫ್ರೆಟ್ಟುಗಳನ್ನು ಬೆಳಗಿದೆ. ದುಡ್ಡು ಬೇಡವೆಂದೆ. ಅವರು ಒಂದೆರಡು ಕಾರ್ಡ್ ಮೆಲ್ಲಗೆ ಹಿಡಿದು, 'ಬೆಣ್ಣೆ ಥರ ಇದೆ' ಎಂದರು. ನನ್ನ ತಲೆ ಆಕಾಶದಲ್ಲಿತ್ತು.

ಆಮೇಲಿನ ವಾರಗಳಲ್ಲಿ ಅವರ ನುಡಿಸಾಣಿಕೆ ಮೆತ್ತಗಾಯಿತು. ಮೊದಲು ದಪ್ಪ ಪಿಕ್ ಹಿಡಿದು ಮೊಣಕೈಯಿಂದ ಹೊಡೆಯುತ್ತಿದ್ದವರು ಈಗ ಬೆರಳಿಂದ ಸವರಿದಂತೆ ನುಡಿಸುತ್ತಿದ್ದರು. ವಯಸ್ಸಾಯಿತು ಎಂದುಕೊಂಡೆ. ಕೆಲವು ತಿಂಗಳ ನಂತರ ಒಂದು ಸಂಜೆ ಬೀದಿಗೆ ಕೇಳುವಂತೆ ಹಳೆಯ ಹೊಡೆತ ಮತ್ತೆ ಕೇಳಿಸಿತು. ನನ್ನ ಕೆಲಸ ಈಗ ಮರಕ್ಕೆ ಒಗ್ಗಿತು ಎಂದು ಅದರ ಶ್ರೇಯಸ್ಸನ್ನೂ ನಾನೇ ತೆಗೆದುಕೊಂಡೆ. ಆದರೆ ಮತ್ತೆಂದೂ ಅವರು ಗಿಟಾರನ್ನು ನನ್ನ ಕೈಗೆ ಕೊಡಲಿಲ್ಲ.

ಆ ಕಾಲದಲ್ಲೇ ನಾನೊಂದು ಗಿಟಾರ್ ಕಟ್ಟಿದೆ. ಮೈಗೆ ಬೀಟೆ. ನಮ್ಮ ಗದ್ದೆಯ ಅಂಚಿನಲ್ಲಿ ಒಂದು ಬೀಟೆ ಮರ ಇತ್ತು, ಅದು ಸರ್ಕಾರದ್ದು, ಕಡಿಯುವ ಹಾಗಿರಲಿಲ್ಲ. ಅಪ್ಪ ಅದರ ಕೆಳಗೆ ನಿಂತು ಎಲೆ ಅಡಿಕೆ ಹಾಕುವುದಷ್ಟೇ ನಮಗಿದ್ದ ಹಕ್ಕು. ಪ್ರಪಂಚದ ಗಿಟಾರಿನವರು ಹಂಬಲಿಸುವ ಮರ ಅದೇ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾಗಿ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆಗೆ ಬಂತು. ಬ್ರೆಜಿಲಿನದು 1992ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ನಿಷಿದ್ಧವಾಯಿತು. 2017ರಲ್ಲಿ ಬೀಟೆಯ ಕುಲಕ್ಕೆಲ್ಲ ಪರವಾನಗಿ ಬೇಕಾಯಿತು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಬಂತು. ನನ್ನದು ಇದ್ಯಾವುದರ ಗೊಡವೆಯಿಲ್ಲದ, ಅಜ್ಜಿಯ ಮುರಿದ ಮಂಚದ ಹಲಗೆ. ಮದರಾಸಿಗೆ ಬಸ್ಸಿನಲ್ಲಿ ಹೊತ್ತು ತಂದು ಮಿಲ್ಲಿನಲ್ಲಿ ತೆಳ್ಳಗೆ ಕೊಯ್ಸಿದೆ. ಕೋಣೆಯ ಮೇಲಿನ ತಾರಸಿಯಲ್ಲಿ ಕಬ್ಬಿಣದ ಕೊಳವೆಗೆ ಬ್ಲೋಲ್ಯಾಂಪ್ ಹಿಡಿದು, ನೆನೆಸಿದ ಪಟ್ಟಿಯನ್ನು ಅದರ ಮೇಲೆ ಒತ್ತಿ ಬಾಗಿಸುವಾಗ ಬೀಟೆಯಿಂದ ಬರುವ ವಾಸನೆ ಅಜ್ಜಿಯ ಕೋಣೆಯದ್ದೇ. ಮೊದಲ ಮೂರು ಪಟ್ಟಿ ಮುರಿದವು. ಮೇಲ್ಹಲಗೆಗೆ ಕಾರ್ಖಾನೆಗೆ ಯಂತ್ರ ಬಂದಿದ್ದ ಪೆಟ್ಟಿಗೆಯ ಪೈನ್. ಕೀಸುಳಿಯಲ್ಲಿ ಹೊಡೆದು ಹೊಡೆದು ಎರಡೂವರೆ ಮಿಲಿಮೀಟರಿಗೆ ತಂದು, ಬೆರಳಲ್ಲಿ ತಟ್ಟಿ, ಒಳಗೆ ಪಟ್ಟಿಗಳನ್ನು ಅಂಟಿಸಿದೆ.

ಅಂಟಿಸಿದ್ದು ನವೆಂಬರಿನಲ್ಲಿ, ಈಶಾನ್ಯ ಮಳೆ ಹಿಡಿದ ವಾರ. ಗೋಡೆಯೇ ಬೆವರುತ್ತಿತ್ತು. ನೀರು ಕುಡಿದು ಹಿಗ್ಗಿದ ಮರವನ್ನು ಹಿಗ್ಗಿದ ಹಾಗೇ ಕಟ್ಟಿಹಾಕಿದೆ. ಮಾರ್ಚಿನಲ್ಲಿ ಊರಿಗೆ ಒಯ್ದೆ, ಅಪ್ಪನಿಗೆ ತೋರಿಸಲು. ಮೂರನೇ ರಾತ್ರಿ ಎಲ್ಲರೂ ಮಲಗಿದ್ದಾಗ ಪಟಾರ್ ಎಂದು ಸದ್ದು. ಮೇಲ್ಹಲಗೆ ಕುದುರೆಯಿಂದ ಕೆಳತುದಿಯವರೆಗೆ ಸೀಳಿತ್ತು. ಗಿಟಾರ್ ಕಟ್ಟುವವರು ತೇವವನ್ನು ನೂರಕ್ಕೆ ನಲವತ್ತೈದರ ಆಸುಪಾಸಿನಲ್ಲಿ ಹಿಡಿದಿಟ್ಟ ಕೋಣೆಯಲ್ಲಿ ಯಾಕೆ ಕೆಲಸ ಮಾಡುತ್ತಾರೆಂದು ಅಂದು ಅರ್ಥವಾಯಿತು. ವೀಣೆಯವರಿಗೆ ಹೇಳಿದೆ. ಅವರು ಬೈಯಲಿಲ್ಲ. 'ಮಳೆಯಲ್ಲಿ ನಾನು ಮರ ಅಂಟಿಸುವುದಿಲ್ಲ, ತಂಬಿ. ಅದು ಹೊಟ್ಟೆ ತುಂಬಾ ಕುಡಿದಿರುತ್ತೆ' ಎಂದರು. ಆ ಜಗಲಿಯಲ್ಲಿ ಎರಡು ಮಳೆಗಾಲ ಕೂತಿದ್ದೆ, ಮಳೆಯ ವಾರಗಳಲ್ಲಿ ಅವರು ಬರೀ ತಂತಿ ಬದಲಿಸುವುದನ್ನು ನೋಡಿದ್ದೆ. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ.

2003ರಲ್ಲಿ ನಾನು ಬೆಂಗಳೂರಿಗೆ ಬಂದೆ. ವೀಣೆಯವರ ಜಗಲಿ ಮುಂದಿನ ಸಲ ಹೋದಾಗ ಮೊಬೈಲ್ ಅಂಗಡಿಯಾಗಿತ್ತು. ಮಾಸ್ಟರ್ 2011ರಲ್ಲಿ ತೀರಿಕೊಂಡರು. ಹೋಗಲಾಗಲಿಲ್ಲ. ಹೋದ ಶ್ರಾವಣದಲ್ಲಿ ಅವರ ಮಗಳು ಫೋನ್ ಮಾಡಿ, ಮನೆ ಕೆಡವಿ ಫ್ಲಾಟು ಕಟ್ಟುತ್ತಾರೆ, ಗಿಟಾರನ್ನು ಯಾರಿಗೋ ಕೊಡುವ ಬದಲು ನಿಮಗೇ ಕೊಡೋಣ ಎಂದಿದ್ದೇವೆ ಎಂದರು. ಹೋಗಿ ತಂದೆ. ಪೆಟ್ಟಿಗೆ ಮುಚ್ಚಿಯೇ ಇಟ್ಟಿದ್ದೆ, ಯಾಕೋ ತೆಗೆಯಲು ಮನಸ್ಸಾಗಿರಲಿಲ್ಲ.

ಈ ಫೆಬ್ರುವರಿಯ ಸಂಜೆ ಫ್ರೆಟ್ ತುದಿ ಸವರಲೆಂದು ತಂತಿಗಳನ್ನು ಬಿಚ್ಚಿದೆ. ಗಿಟಾರನ್ನು ಬೋರಲು ಹಾಕಿದಾಗ ಮೂಳೆಯ ಪಟ್ಟಿ ತಾನಾಗಿ ಕಳಚಿ ಮೇಜಿನ ಮೇಲೆ ಬಿತ್ತು. ಹಿಂದೆಯೇ ಒಂದು ಕಾಗದದ ಮಡಿಕೆ. ಕತ್ತರಿಸಿ, ಕಡ್ಡಿಯಷ್ಟು ಅಗಲಕ್ಕೆ ಮಡಿಸಿ ಮಡಿಸಿ, ವರ್ಷಗಟ್ಟಲೆ ತಂತಿಯ ಒತ್ತಡಕ್ಕೆ ಹಲಗೆಯಂತಾಗಿದ್ದ ಕಾಗದ. ವರ್ನಿಯರ್ ಹಿಡಿದೆ: ಒಂದೂವರೆ ಮಿಲಿಮೀಟರಿಗೆ ಒಂದಿಷ್ಟು ಕಡಿಮೆ. ಅಟ್ಟದಿಂದ ಹಳೆಯ ನೋಟ್‌ಬುಕ್ ಇಳಿಸಿ 1994ರ ಪುಟ ತೆಗೆದೆ. ನನ್ನದೇ ದುಂಡಗಿನ ಅಕ್ಷರದಲ್ಲಿತ್ತು: ಕುದುರೆ ಇಳಿಸಿದ್ದು 1.5 ಮಿ.ಮೀ.

ನಾನು ಅಳೆದು ತೆಗೆದಷ್ಟನ್ನೇ ಅವರು ಅಳತೆಗೋಲಿಲ್ಲದೆ, ಕೈಯ ಅಂದಾಜಿನಲ್ಲೇ ವಾಪಸು ಇಟ್ಟಿದ್ದರು.

ಆಗ ಎಲ್ಲ ತಿಳಿಯಿತು. ಅವರು ನುಡಿಸಿದ ಕಾಲದಲ್ಲಿ ಒಂದೇ ಸಭಾಂಗಣದಲ್ಲಿ ಗಾಯಕರು, ಪಿಟೀಲಿನವರು, ಢೋಲಕ್, ಕಹಳೆ ಎಲ್ಲ ಒಟ್ಟಿಗೆ, ಕೆಲವೇ ಮೈಕುಗಳು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಅಷ್ಟು ಸದ್ದಿನ ನಡುವೆ ಗಿಟಾರಿನ ತಾಳ ಮೈಕಿಗೆ ಮುಟ್ಟಬೇಕಾದರೆ ಮೊಣಕೈಯಿಂದ ಹೊಡೆಯಬೇಕು. ಹಾಗೆ ಹೊಡೆದ ತಂತಿ ಅಗಲವಾಗಿ ಅಲುಗುತ್ತದೆ, ಅದಕ್ಕೆ ಜಾಗ ಬೇಕು. ಆ ಎತ್ತರ ಅವರು ಸಹಿಸಿಕೊಂಡು ಬಂದ ಕಷ್ಟವಲ್ಲ, ಅವರ ಕಸುಬೇ ಅದು. ನಾನು ಇಳಿಸಿದ ಮೇಲೆ ಅವರು ತಮ್ಮ ರೀತಿ ಹೊಡೆದರೆ ತಂತಿ ಫ್ರೆಟ್ಟಿಗೆ ಬಡಿದು ಕರಕರ ಎಂದಿರಬೇಕು. ಮೆತ್ತಗಾದದ್ದು ವಯಸ್ಸಿನಿಂದಲ್ಲ. ನನ್ನ ಮೊದಲ ಗಿಟಾರನ್ನು ಕೈ ನೋಡದೆ ಮಾರಿದವರ ಮೇಲೆ ಮೂವತ್ತು ವರ್ಷ ಸಿಟ್ಟಾಗಿದ್ದವನು ನಾನು. ನಾನು ಮಾಡಿದ್ದೂ ಅದನ್ನೇ. ಅವರು ಹತ್ತು ನಿಮಿಷ ನುಡಿಸುವುದನ್ನು ಕೂತು ನೋಡಿದ್ದರೆ ಸಾಕಿತ್ತು. ಎಷ್ಟೋ ಸಂಜೆ ಅವರ ಎದುರೇ ಕೂತಿದ್ದೆ. ಕಿವಿಗೊಟ್ಟಿದ್ದೆ, ಕೈ ನೋಡಿರಲಿಲ್ಲ.

ಮಗಳಿಗೆ ಫೋನ್ ಮಾಡಿದೆ. ಹೇಳಬೇಕೋ ಬೇಡವೋ ಎಂದು ತಡವರಿಸಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಕಾಗದ ಕತ್ತರಿಸಿಕೊಟ್ಟದ್ದು ನಾನೇ ಅಣ್ಣಾ. ಅಪ್ಪನಿಗೆ ಆಗ ಕಣ್ಣು ಅಷ್ಟು ಕಾಣುತ್ತಿರಲಿಲ್ಲ. ನಿಮಗೆ ಹೇಳಬೇಡ ಅಂದಿದ್ದರು. ಪಾಪ, ಎರಡು ದಿನ ಕೂತು ಮಾಡಿದ್ದಾನೆ ಹುಡುಗ ಅಂದರು' ಎಂದರು.

ಮಡಿಕೆಯ ಹೊರಮೈಯಲ್ಲಿ ಸ್ವರಲಿಪಿಯ ಐದು ಗೆರೆ ಕಾಣುತ್ತಿದ್ದವು. ಯಾವುದೋ ಧ್ವನಿಮುದ್ರಣದ ಹಳೆಯ ಹಾಳೆ. ಬಿಚ್ಚಿದರೆ ಪುಡಿಯಾದೀತೆಂದು ಒಂದೇ ಒಂದು ಮಡಿಕೆ ಬಿಡಿಸಿದೆ. ಪೆನ್ಸಿಲಿನಲ್ಲಿ ಎ ಮೈನರ್, ಡಿ ಮೈನರ್, ಇ, ಮತ್ತೆ ಎ ಮೈನರ್. ಎಷ್ಟೋ ಹಾಡುಗಳಲ್ಲಿ ಇರುವ ಕಾರ್ಡುಗಳೇ. ಯಾವ ಹಾಡೆಂದು, ಯಾವ ಭಾಷೆಯದೆಂದು ಹೇಳಲು ಬರುವುದಿಲ್ಲ.

ಕಾಗದ ನಾದವನ್ನು ಒಂದಿಷ್ಟು ನುಂಗುತ್ತದೆ. ಎತ್ತರ ಬೇಕಾದರೆ ಹೊಸ ಮೂಳೆ ಕೊಯ್ಯಬೇಕು. ಬೇರೆಯವರ ಗಿಟಾರಾಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ, ಮೇಜಿನ ಮೇಲೆ ಮೂಳೆಯ ತುಂಡೂ ಇತ್ತು. ಅದನ್ನು ಡಬ್ಬಿಗೆ ಹಾಕಿ, ಅರ ತೆಗೆದುಕೊಂಡು ಫ್ರೆಟ್ಟುಗಳ ತುದಿಗಳನ್ನು ಒಂದೊಂದಾಗಿ, ಕತ್ತಿಗೆ ಗೀರು ಬೀಳದಂತೆ ಸವರಿದೆ. ಮುಗಿಯುವಾಗ ಹನ್ನೊಂದು ದಾಟಿತ್ತು. ಮಡಿಕೆಯನ್ನು ಮೊದಲಿದ್ದ ಹಾಗೇ ಮಡಿಸಿ ಮೂಳೆಯ ಪಟ್ಟಿ ಕೂರುವ ಸೀಳಿನೊಳಗೆ ಇಟ್ಟೆ, ಮೇಲೆ ಮೂಳೆ ಕೂರಿಸಿದೆ, ಹೊಸ ತಂತಿ ಹಾಕಿ ಶ್ರುತಿ ಮಾಡಿದೆ. ಪೆಟ್ಟಿಗೆಯ ಸಣ್ಣ ಖಾನೆಯಲ್ಲಿ ಅವರ ದಪ್ಪ ಪಿಕ್ ಇನ್ನೂ ಇತ್ತು. ಅದನ್ನು ಹಿಡಿದು, ಅವರು ಹೊಡೆಯುತ್ತಿದ್ದ ಹಾಗೆ ಮೊಣಕೈಯಿಂದ ಎ ಮೈನರ್ ಹೊಡೆದೆ. ಒಳಗಿನಿಂದ ಹೆಂಡತಿ ಎದ್ದು ಬಂದು ಬಾಗಿಲಲ್ಲಿ ನಿಂತಳು. ಒಂದು ತಂತಿಯೂ ಕರಕರ ಎನ್ನಲಿಲ್ಲ.